ಮುದ್ದೆಯ ಜೊತೆಗೆ ಏನಿದೆ? ಕಡಿಮೆ ಖರ್ಚಿನಲ್ಲಿ ನಾಯಿಯ ಊಟ

ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಕುಪ್ರಾಣಿ

ಈ ಸಲದ ಪತ್ರಗಳೆಲ್ಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವು. ಖರ್ಚು ಕೈಮೀರದಂತೆ ನಾಯಿಗೆ ಪುಷ್ಟಿಯಾದ ಊಟ ಹಾಕುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಎಲ್ಲಕ್ಕೂ ಲೆಕ್ಕ ಸಮೇತ ಉತ್ತರಿಸಿದ್ದೇವೆ. ಬೆಲೆಗಳು ಓದುಗರು ಬರೆದವು. ನಿಮ್ಮೂರಿನ ಬೆಲೆ ಹಾಕಿಕೊಂಡು ಲೆಕ್ಕ ಮಾಡಿ.

ನಮ್ಮ ಲ್ಯಾಬ್ರಡಾರ್‌ಗೆ ಮೂರು ವರ್ಷ, 28 ಕೆ.ಜಿ. ತೂಕ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಅಂಗಡಿಯಲ್ಲಿ ಕೆ.ಜಿ.ಗೆ 180 ರೂಪಾಯಿಯ ಡಾಗ್ ಫುಡ್ ಇದೆ, 230ರದ್ದೂ ಇದೆ. ಮೂಟೆ ಬಿಚ್ಚಿ 110ಕ್ಕೆ ಲೂಸ್ ಕೂಡ ಕೊಡುತ್ತಾರೆ. ಯಾವುದು ತಗೊಂಡರೆ ಲಾಭ?
– ತುಮಕೂರಿನ ಓದುಗರು

ಕೆ.ಜಿ. ಬೆಲೆಯಲ್ಲಿ ಹೋಲಿಸಿದರೆ ಮೋಸ ಹೋಗುತ್ತೀರಿ. ನಾಯಿಗೆ ಬೇಕಾದ್ದು ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್. ಅದು ಎಷ್ಟಕ್ಕೆ ಸಿಗುತ್ತದೆ ಎಂಬುದೇ ನಿಜವಾದ ಬೆಲೆ.

ಮೊದಲು ನಾಯಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ನೋಡೋಣ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ತೂಕವನ್ನು ತೂಕದಿಂದ ಎರಡು ಸಲ ಗುಣಿಸಿ (28×28×28), ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. ನಿಮ್ಮ ನಾಯಿಗೆ 852 ಬರುತ್ತದೆ. ಇದು ಬರೀ ಮಲಗಿರಲು ಬೇಕಾದ ಶಕ್ತಿ. ಆಪರೇಷನ್ ಆದ, ಪೂರ್ತಿ ಬೆಳೆದ ನಾಯಿಗೆ ಇದರ 1.6 ಪಟ್ಟು, ಆಗಿಲ್ಲದಿದ್ದರೆ 1.8 ಪಟ್ಟು ಬೇಕು. ನಿಮ್ಮದಕ್ಕೆ ಸುಮಾರು 1,360. ಲ್ಯಾಬ್ ಬೇಗ ಕೊಬ್ಬುವ ತಳಿ, ಆದ್ದರಿಂದ 1,300ಕ್ಕೆ ನಿಲ್ಲಿಸಿ.

ಇನ್ನು ಚೀಲದ ಹಿಂಭಾಗ ಓದಿ. 180 ರೂಪಾಯಿಯದರಲ್ಲಿ ಶೇಕಡಾ ಲೆಕ್ಕದಲ್ಲಿ ಪ್ರೋಟೀನ್ 20, ಕೊಬ್ಬು 10, ನಾರು 5, ತೇವಾಂಶ 10 ಇದೆ ಎನ್ನೋಣ. ಖನಿಜದ ಬೂದಿಯ ಅಂಶ ಬರೆದಿಲ್ಲದಿದ್ದರೆ 8 ಎಂದು ಹಿಡಿಯಿರಿ. ಎಲ್ಲವನ್ನೂ 100ರಿಂದ ಕಳೆದರೆ ಉಳಿದ 47 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ 100 ಗ್ರಾಂಗೆ 320 ಕ್ಯಾಲೊರಿ. ಇನ್ನೊಂದರಲ್ಲಿ ಪ್ರೋಟೀನ್ 26, ಕೊಬ್ಬು 16 ಇದ್ದು ಹೀಗೇ 360 ಬಂತು ಎಂದುಕೊಳ್ಳಿ. ಮೊದಲನೆಯದು ದಿನಕ್ಕೆ 406 ಗ್ರಾಂ ಬೇಕು, 73 ರೂಪಾಯಿ. ಎರಡನೆಯದು 361 ಗ್ರಾಂ ಸಾಕು, 83 ರೂಪಾಯಿ. ಕೆ.ಜಿ.ಗೆ 50 ರೂಪಾಯಿ ಅಂತರ ಕಂಡದ್ದು ದಿನಕ್ಕೆ 10 ರೂಪಾಯಿ ಆಯಿತು. ಒಂದು ಗ್ರಾಂ ಪ್ರೋಟೀನಿನ ಬೆಲೆ ಎರಡರಲ್ಲೂ ಹೆಚ್ಚುಕಡಿಮೆ 90 ಪೈಸೆಯೇ.

ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಎಎಎಫ್‌ಸಿಓದ ಮಾನದಂಡದ ಪ್ರಕಾರ, ನೀರಿನ ಅಂಶ ಕಳೆದ ಮೇಲೆ ಪೂರ್ತಿ ಬೆಳೆದ ನಾಯಿಗೆ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು ಇರಬೇಕು. ಎರಡೂ ಇದನ್ನು ದಾಟುತ್ತವೆ. ಹೊರಗೆ ಓಡಾಟ ಕಡಿಮೆ ಇರುವ ಲ್ಯಾಬ್‌ಗೆ 180 ರೂಪಾಯಿಯದೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಚೀಲದ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದೂ, 'ಅಡಲ್ಟ್' ಎಂದೂ ಇರಲೇಬೇಕು. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಪೂರ್ಣ ಊಟವಲ್ಲ. 'ಚಿಕನ್ ಮೀಲ್' ಎಂದು ಕಂಡರೆ ಹಿಂಜರಿಯಬೇಡಿ. ಅದು ನೀರು ತೆಗೆದ ಪುಡಿ, ತೂಕಕ್ಕೆ ತೂಕ ಹಸಿ ಮಾಂಸಕ್ಕಿಂತ ಹೆಚ್ಚು ಪ್ರೋಟೀನ್ ಅದರಲ್ಲಿದೆ.

ಲೂಸ್ ಮಾತ್ರ ಬೇಡ. ತಯಾರಾದ ದಿನ, ಪ್ರೋಟೀನ್, ಯಾವ ವಯಸ್ಸಿಗೆ ಎಂಬ ಯಾವ ವಿವರವೂ ಅದಕ್ಕಿಲ್ಲ. ಗಾಳಿಗೆ ಬಿಟ್ಟ ಕೊಬ್ಬು ಕಮಟುತ್ತದೆ, ವಿಟಮಿನ್ ಹಾಳಾಗುತ್ತದೆ. ಇದೇ ಕಾರಣಕ್ಕೆ ಚಿಕ್ಕ ನಾಯಿಗೆ ದೊಡ್ಡ ಮೂಟೆಯೂ ಉಳಿತಾಯವಲ್ಲ. 6 ಕೆ.ಜಿ. ನಾಯಿ ದಿನಕ್ಕೆ ಸುಮಾರು 125 ಗ್ರಾಂ ತಿನ್ನುತ್ತದೆ, 20 ಕೆ.ಜಿ. ಮೂಟೆ ಮುಗಿಯಲು ಐದು ತಿಂಗಳು ಬೇಕು. ಬಿಚ್ಚಿದ ಚೀಲ ಒಂದೂವರೆ ತಿಂಗಳೊಳಗೆ ಮುಗಿಯಬೇಕು. ಡಬ್ಬಕ್ಕೆ ಸುರಿಯಬೇಡಿ, ಚೀಲವನ್ನೇ ಬಾಯಿ ಮಡಚಿ ಡಬ್ಬದೊಳಗಿಡಿ. ಬ್ರ್ಯಾಂಡ್ ಬದಲಿಸುವಾಗ ಒಂದು ವಾರ ತೆಗೆದುಕೊಂಡು, ಹಳೆಯದರ ಜೊತೆ ಕಾಲು, ಅರ್ಧ, ಮುಕ್ಕಾಲು ಪಾಲು ಹೀಗೆ ಏರಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಖಂಡಿತ ಎಂದೇ ತಿಳಿಯಿರಿ.

ಊರ ನಾಯಿ, 15 ಕೆ.ಜಿ. ದಿನಾ ಎರಡು ಹೊತ್ತು ರಾಗಿಮುದ್ದೆ, ಸಾರು ಹಾಕುತ್ತೇವೆ. ಹೊಟ್ಟೆ ತುಂಬ ತಿನ್ನುತ್ತೆ. ಆದರೂ ಕೂದಲು ಉದುರುತ್ತಿದೆ, ಬಾಯಿ ಕಣ್ಣಿನ ಸುತ್ತ ಹೆಕ್ಕಳಿಕೆ ಕಟ್ಟಿದೆ. ರಾಗಿ ಬಿಡಬೇಕಾ?
– ಮುಳಬಾಗಿಲಿನ ಓದುಗರು

ರಾಗಿ ಬಿಡಬೇಡಿ, ಸಾರು ಬಿಡಿ. ಜೊತೆಗೆ ಪ್ರೋಟೀನ್ ಸೇರಿಸಿ.

100 ಗ್ರಾಂ ರಾಗಿಹಿಟ್ಟಿನಲ್ಲಿ 320 ಕ್ಯಾಲೊರಿ ಇದೆ, ಪ್ರೋಟೀನ್ ಬರೀ 7 ಗ್ರಾಂ. ನಿಮ್ಮ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿಯೂ 40 ಗ್ರಾಂ ಪ್ರೋಟೀನೂ ಬೇಕು. ಮುದ್ದೆಯಿಂದಲೇ ಕ್ಯಾಲೊರಿ ತುಂಬಿಸಿದರೆ ಪ್ರೋಟೀನ್ ಅರ್ಧಕ್ಕೂ ಬರುವುದಿಲ್ಲ. ಕೂದಲು, ಚರ್ಮ ಎರಡೂ ಪ್ರೋಟೀನಿನಿಂದಲೇ ಆಗುವುದರಿಂದ ಕೊರತೆ ಮೊದಲು ಅಲ್ಲೇ ಕಾಣುತ್ತದೆ. ಇನ್ನೊಂದು ಕಾರಣವೂ ಇರಬಹುದು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು, ಅಂದರೆ ಜಿಂಕನ್ನು, ಕಟ್ಟಿಹಾಕಿ ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಬಾಯಿ, ಕಣ್ಣು, ಪಾದದ ಸುತ್ತ ಹೆಕ್ಕಳಿಕೆ ಕಟ್ಟುವುದು ಸತುವಿನ ಕೊರತೆಯ ಗುರುತು. ಕಜ್ಜಿಯ ಹುಳುವಿನಿಂದಲೂ ಹೀಗಾಗುತ್ತದೆ. ಆದ್ದರಿಂದ ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆದು ಒಮ್ಮೆ ಪರೀಕ್ಷೆ ಮಾಡಿಸಿ.

ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಒಂದು ದಿನಕ್ಕೆ ಏನೂ ಕಾಣದು. ದಿನಾ ಬಿದ್ದರೆ ಒಸಡು ಬಿಳುಚುತ್ತದೆ, ಸುಸ್ತು ಬರುತ್ತದೆ. ಹುಣಸೆಹುಳಿಯೂ ಬೇಡ. ಅದೇಕೆಂದು ಮುಂದೆ ದ್ರಾಕ್ಷಿಯ ಉತ್ತರದಲ್ಲಿ ಹೇಳಿದ್ದೇವೆ.

15 ಕೆ.ಜಿ. ನಾಯಿಗೆ ಒಂದು ದಿನದ ಅಳತೆ ಇದು. ರಾಗಿಹಿಟ್ಟು 120 ಗ್ರಾಂ, ಚರ್ಮ ಸಮೇತ ಮೂಳೆ ತೆಗೆದ ಕೋಳಿಮಾಂಸ 150 ಗ್ರಾಂ (ಹಸಿ ತೂಕ), ಬೇಯಿಸಿದ ಮೊಟ್ಟೆ ಒಂದು, ಸಿಹಿಗುಂಬಳ ಅಥವಾ ಕ್ಯಾರೆಟ್ 50 ಗ್ರಾಂ, ಸೂರ್ಯಕಾಂತಿ ಎಣ್ಣೆ ಒಂದು ಟೀ ಚಮಚ. ಕೋಳಿಯನ್ನು ಉಪ್ಪು, ಖಾರ ಹಾಕದೆ ಬೇಯಿಸಿ, ಆ ನೀರಿನಲ್ಲೇ ಹಿಟ್ಟು ತೊಳಸಿ, ಮುದ್ದೆಗಿಂತ ಸಡಿಲವಾಗಿ ಇಳಿಸಿ. ಆರಿದ ಮೇಲೆ ಉಳಿದದ್ದು ಕಲಸಿ, ಎರಡು ಹೊತ್ತಿಗೆ ಹಂಚಿ. ವಾರಕ್ಕೆರಡು ದಿನ ಮಾಂಸದಲ್ಲಿ 50 ಗ್ರಾಂ ಬದಲಿಗೆ ಅಷ್ಟೇ ಲಿವರ್ ಹಾಕಿ. ಲಿವರ್ ಅಗ್ಗ ಎಂದು ದಿನಾ ಹಾಕಿದರೆ ವಿಟಮಿನ್ ಎ ಅತಿಯಾಗಿ ಮೂಳೆಗೆ ತೊಂದರೆ. ಮಾಂಸ ತಿನ್ನದ ಮನೆಯಾದರೆ ಕೋಳಿ ಬಿಟ್ಟು ಮೊಟ್ಟೆ ಮೂರು, ಸೋಯಾ ಚಂಕ್ಸ್ 40 ಗ್ರಾಂ (ನೆನೆಸಿ ಬೇಯಿಸಿದ್ದು), ಮೊಸರು 100 ಗ್ರಾಂ.

ಮೂಳೆಯಿಲ್ಲದ ಈ ಊಟಕ್ಕೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸೇರಿಸಲೇಬೇಕು. ಮೊಟ್ಟೆಯ ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅನ್ನ ಹಾಕುವವರಿಗೆ ದಿನಕ್ಕೆ ಅರ್ಧ ಟೀ ಚಮಚ. ರಾಗಿಯಲ್ಲೇ ಕ್ಯಾಲ್ಸಿಯಂ ಇರುವುದರಿಂದ ನಿಮಗೆ ಕಾಲು ಟೀ ಚಮಚ ಸಾಕು. ಹೆಚ್ಚು ಹಾಕಿದರೆ ಅದೂ ಸತುವಿಗೆ ಅಡ್ಡಿ. ರಾಗಿಯನ್ನು 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ಮನೆ ಊಟದಲ್ಲಿ ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಕೊರತೆ ಬೀಳುತ್ತವೆ. ನಾಯಿಗೆಂದೇ ತಯಾರಾದ ವಿಟಮಿನ್-ಖನಿಜದ ಪುಡಿಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಈ ಖರ್ಚನ್ನು ಮಾತ್ರ ಉಳಿಸಬೇಡಿ.

ಕಡಲೆಕಾಯಿ ಹಿಂಡಿ ಹಸುವಿಗೆ ತಂದಿರುತ್ತೇವೆ. ಪ್ರೋಟೀನ್ ಚೆನ್ನಾಗಿದೆ ಅಂತಾರೆ. ನಾಯಿಯ ಅನ್ನಕ್ಕೆ ಒಂದು ಹಿಡಿ ಕಲಸಬಹುದೇ?
– ಪಾವಗಡದ ಓದುಗರು

ದಯವಿಟ್ಟು ಬೇಡ. ಹಿಂಡಿಯಲ್ಲಿ ಪ್ರೋಟೀನ್ ಇರುವುದು ನಿಜ. ಆದರೆ ಕಡಲೆಕಾಯಿಗೆ ಹೊಲದಲ್ಲೋ ಗೋದಾಮಿನಲ್ಲೋ ತೇವ ತಗುಲಿದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಕುದಿಸಿದರೆ ಹೋಗದು, ಕಣ್ಣಿಗೆ ಕಾಣದು. ಹಸು ತಡೆದುಕೊಳ್ಳುವ ಪ್ರಮಾಣ ನಾಯಿಯ ಲಿವರನ್ನು ಕೆಡಿಸಬಲ್ಲದು. ಊಟ ಬಿಡುವುದು, ವಾಂತಿ, ಒಸಡು ಮತ್ತು ಕಣ್ಣಿನ ಬಿಳಿ ಹಳದಿಯಾಗುವುದು ಇದರ ಲಕ್ಷಣ. ಹಳದಿ ಕಾಣುವಷ್ಟರಲ್ಲಿ ಲಿವರ್ ಬಹಳಷ್ಟು ಹೋಗಿರುತ್ತದೆ. ಬೂಷ್ಟು ಹಿಡಿದ ಮುಸುಕಿನ ಜೋಳಕ್ಕೂ, ತೇವಕ್ಕೆ ಸಿಕ್ಕ ಡಾಗ್ ಫುಡ್ಡಿಗೂ ಇದೇ ಮಾತು. ಪಶು ಆಹಾರದ ಮೂಟೆಯೂ ಬೇಡ. ಕೆಲವದರಲ್ಲಿ ಯೂರಿಯಾ ಇರುತ್ತದೆ, ಅದು ಮೆಲುಕು ಹಾಕುವ ಪ್ರಾಣಿಗೆ ಮಾತ್ರ.

ಅಗ್ಗದ ಪ್ರೋಟೀನೇ ಬೇಕಿದ್ದರೆ ಹುರುಳಿಕಾಳು ಇದೆ, 100 ಗ್ರಾಂನಲ್ಲಿ 22 ಗ್ರಾಂ ಪ್ರೋಟೀನ್. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಿ. ಅರೆಬೆಂದರೆ ಜೀರ್ಣವಾಗದೆ ಹೊಟ್ಟೆ ಉಬ್ಬುತ್ತದೆ. 15 ಕೆ.ಜಿ. ನಾಯಿಗೆ 30 ಗ್ರಾಂ ಒಣಕಾಳು ಮಿತಿ, ಜೊತೆಗೆ ಮೊಟ್ಟೆ ಇರಲಿ.

ನಮ್ಮದು ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡಿನೊಳಗೆ ಉಳಿದ ಹುಳು, ಅಂದರೆ ಪ್ಯೂಪ, ದಿನಾ ರಾಶಿ ಬೀಳುತ್ತೆ. ನಾಯಿಗೆ ಹಾಕಬಹುದೇ?
– ಶಿಡ್ಲಘಟ್ಟದ ಓದುಗರು

ಹಾಕಬಹುದು, ಆದರೆ ರಾಶಿಯಿಂದ ಎತ್ತಿದ್ದಲ್ಲ. ಒಣಗಿದ ಪ್ಯೂಪದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್, ಕಾಲು ಭಾಗದಷ್ಟು ಕೊಬ್ಬು ಇದೆ. ಆ ಕೊಬ್ಬು ಬಹಳ ಬೇಗ ಕಮಟುತ್ತದೆ, ಬಿಸಿಲಲ್ಲಿ ರಾಶಿ ಬಿದ್ದದ್ದು ಅದೇ ದಿನ ಕೊಳೆಯಲು ಶುರುವಾಗುತ್ತದೆ. ಆವತ್ತು ನೂಲು ತೆಗೆಯುವ ಬೇಸಿನ್ನಿಂದ ತೆಗೆದದ್ದನ್ನು ಎರಡು ನೀರಿನಲ್ಲಿ ತೊಳೆದು, ಹೊಸ ನೀರಿನಲ್ಲಿ 20 ನಿಮಿಷ ಕುದಿಸಿ, ತೆಳ್ಳಗೆ ಹರಡಿ, ಮುರಿದರೆ ಟಕ್ಕೆನ್ನುವಷ್ಟು ಒಣಗಿಸಿ. ಪುಡಿಮಾಡಿ ಗಾಳಿಯಾಡದ ಡಬ್ಬದಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ. 15 ಕೆ.ಜಿ. ನಾಯಿಗೆ ದಿನಕ್ಕೆ 20 ಗ್ರಾಂ ಸಾಕು. ಪ್ರೋಟೀನಿನಲ್ಲಿ ಅದು ಹತ್ತಿರಹತ್ತಿರ ಎರಡು ಮೊಟ್ಟೆಗೆ ಸಮ. ಮೊದಲ ವಾರ 5 ಗ್ರಾಂನಿಂದ ಶುರುಮಾಡಿ ತುರಿಕೆ, ಭೇದಿ ಬರುತ್ತದೆಯೇ ನೋಡಿ. ಹುಳು ಸಾಕುವ ಮನೆಯಲ್ಲಿ ಸತ್ತ ಹುಳುಗಳನ್ನು ಮಾತ್ರ ಯಾವತ್ತೂ ಹಾಕಬೇಡಿ, ಅವಕ್ಕೆ ಸುಣ್ಣ, ಸೋಂಕುನಿವಾರಕ ಪುಡಿ ಮೆತ್ತಿರುತ್ತದೆ.

ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣು ನಾಯಿ ತಿನ್ನುತ್ತೆ. ತೊಂದರೆಯೇ?
– ಚಿಕ್ಕಬಳ್ಳಾಪುರದ ಓದುಗರು

ದೊಡ್ಡ ತೊಂದರೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎಂಬುದು ಈಚಿನ ಅಭಿಪ್ರಾಯ. ಹುಣಸೆಯಲ್ಲೂ ಅದು ಹೇರಳವಾಗಿದೆ. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಅಳತೆ ಇಲ್ಲ, ಒಂದು ನಾಯಿಗೆ ಏನೂ ಆಗದ ಪ್ರಮಾಣ ಇನ್ನೊಂದನ್ನು ಕೊಲ್ಲಬಹುದು. ತಿಂದದ್ದು ಕಂಡರೆ ವಾಂತಿಗೆ ಕಾಯದೆ, ಎರಡು ಗಂಟೆಯೊಳಗೆ ಪಶುವೈದ್ಯರ ಬಳಿ ಒಯ್ಯಿರಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಅದೇ ವಿಷವಾಗುತ್ತದೆ. ಕೊಯ್ಲಿನ ಕಾಲದಲ್ಲಿ ನಾಯಿಯನ್ನು ತೋಟದಿಂದ ದೂರ ಕಟ್ಟಿ.

ಕುರಿ ಕೊಯ್ದಾಗ ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆ ಇದ್ದರೆ ನಾವು ತಿನ್ನೋದಿಲ್ಲ, ನಾಯಿಗೆ ಹಾಕ್ತೀವಿ. ಪುಕ್ಕಟೆ ಮಾಂಸ ತಾನೇ?
– ಶಿರಾದ ಓದುಗರು

ಆ ಗುಳ್ಳೆಯೊಳಗೆ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿ ಅದನ್ನು ಹಸಿಯಾಗಿ ತಿಂದರೆ ಕರುಳಿನಲ್ಲಿ ಹುಳು ಬೆಳೆದು ಮಲದಲ್ಲಿ ಮೊಟ್ಟೆ ಬೀಳುತ್ತದೆ. ಮಣ್ಣು, ಸೊಪ್ಪು, ನಾಯಿಯ ಮೈಗೂದಲು, ಮಕ್ಕಳ ಕೈ ಹೀಗೆ ಮನುಷ್ಯರಿಗೆ ದಾಟಿ, ನಮ್ಮ ಲಿವರ್, ಶ್ವಾಸಕೋಶದಲ್ಲಿ ಅದೇ ಗುಳ್ಳೆ ಕಟ್ಟುತ್ತದೆ. ನಾಯಿ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಅದೇ ಅಪಾಯ. ಗುಳ್ಳೆ ಇದ್ದದ್ದನ್ನು ಆಳವಾಗಿ ಹೂಳಿ ಅಥವಾ ಸುಟ್ಟುಬಿಡಿ. ಗುಳ್ಳೆಯಿಲ್ಲದ ಬೋಟಿ, ಶ್ವಾಸಕೋಶವನ್ನೂ ತುಂಡುಮಾಡಿ ಅರ್ಧ ಗಂಟೆ ಕುದಿಸಿಯೇ ಹಾಕಿ. ಇಷ್ಟು ದಿನ ಹಸಿ ಹಾಕಿದ್ದರೆ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಕೊಡಿಸಿ. ಎಲ್ಲ ಜಂತುಮಾತ್ರೆಯಲ್ಲೂ ಅದು ಇರುವುದಿಲ್ಲ, ಕೇಳಿ ತೆಗೆದುಕೊಳ್ಳಿ.

ಮೂರು ತಿಂಗಳ ಮರಿ, 5 ಕೆ.ಜಿ. ಹಾಲು, ಮುದ್ದೆ, ಬಿಸ್ಕತ್ತು ಕೊಡುತ್ತಿದ್ದೇವೆ. ಹೊಟ್ಟೆ ಮುಂದೆ ಬಂದಿದೆ, ಮುಂಗಾಲು ಸ್ವಲ್ಪ ಬಿಲ್ಲಿನಂತಿದೆ. ಪಪ್ಪಿ ಫುಡ್ ದುಬಾರಿ, ಬೇರೆ ದಾರಿ ಇದೆಯೇ?
– ಬಂಗಾರಪೇಟೆಯ ಓದುಗರು

ಹಣ ಕಡಿಮೆಯಿದ್ದರೆ ಮರಿಗೆ ಹಾಕಿ, ದೊಡ್ಡದಾದ ಮೇಲೆ ಉಳಿಸಿ. ನಾಲ್ಕು ತಿಂಗಳೊಳಗಿನ ಮರಿಗೆ ಮಲಗಿರುವ ಶಕ್ತಿಯ ಮೂರು ಪಟ್ಟು ಬೇಕು. ನಿಮ್ಮ 5 ಕೆ.ಜಿ. ಮರಿಗೆ ಸುಮಾರು 700 ಕ್ಯಾಲೊರಿ, ಇದು ಆಪರೇಷನ್ ಆದ, 10 ಕೆ.ಜಿ.ಯ ಬೆಳೆದ ನಾಯಿಯ ಊಟಕ್ಕಿಂತ ಹೆಚ್ಚು. ಕ್ಯಾಲ್ಸಿಯಂ-ರಂಜಕದ ಸಮತೋಲ ತಪ್ಪಿದರೆ ಅದರ ಮೂಳೆ ಬಾಗುತ್ತದೆ. ಮನೆಯಲ್ಲಿ ಆ ಸಮತೋಲ ಹಿಡಿಯುವುದು ಕಷ್ಟ, ಆದ್ದರಿಂದ ಆರು ತಿಂಗಳವರೆಗಾದರೂ ಪಪ್ಪಿ ಫುಡ್ಡೇ ಮುಖ್ಯ ಊಟವಾಗಲಿ. 100 ಗ್ರಾಂಗೆ 360 ಕ್ಯಾಲೊರಿಯದಾದರೆ ದಿನಕ್ಕೆ 195 ಗ್ರಾಂ, ಬಿಸಿನೀರಿನಲ್ಲಿ ನೆನೆಸಿ ನಾಲ್ಕು ಹೊತ್ತು ಕೊಡಿ. ಅಷ್ಟೂ ಕೊಳ್ಳಲಾಗದಿದ್ದರೆ 150 ಗ್ರಾಂ ಅದು, ಮೇಲೆ ಎರಡು ಬೇಯಿಸಿದ ಮೊಟ್ಟೆ. ಹಾಲು, ಬಿಸ್ಕತ್ತು ನಿಲ್ಲಿಸಿ. ಹಾಲಿಗೆ ಭೇದಿಯಾಗಿ ತಿಂದ ಊಟವೂ ಹೊರಟುಹೋಗುತ್ತದೆ.

ಹೊಟ್ಟೆ ಮುಂದೆ ಬಂದಿರುವುದು ಜಂತುಹುಳುವಿನಿಂದ ಇರಬಹುದು. ಹುಳುವಿಟ್ಟುಕೊಂಡು ಎಷ್ಟು ಒಳ್ಳೆಯ ಊಟ ಹಾಕಿದರೂ ಅದು ಹುಳುವಿನ ಪಾಲು. ಮರಿಯನ್ನು ತೂಗಿಸಿ ಜಂತು ಔಷಧಿ ಕೊಡಿಸಿ, ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ ಮತ್ತೆ ಕೊಡಿಸಿ. ಕಾಲು ಬಾಗಿರುವುದನ್ನು ಈ ವಾರವೇ ಪಶುವೈದ್ಯರಿಗೆ ತೋರಿಸಿ. ಅವರು ಹೇಳದೆ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ, ಪಪ್ಪಿ ಫುಡ್ಡಿನಲ್ಲಿ ಬೇಕಾದಷ್ಟು ಇದ್ದೇ ಇದೆ. ಮರಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದು, ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ವಾರ ತೂಕ ಏರದಿದ್ದರೆ ಮತ್ತೆ ತೋರಿಸಿ.