ಸೈಕಲ್ ದಾರಿಗೆ ಟಿಕೆಟ್ ಇಟ್ಟರೆ ಖರ್ಚು ಹುಟ್ಟೀತೇ?

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆಗುಂಟ ವಿಶ್ವವಿದ್ಯಾಲಯದ ತನಕ ಪ್ರತ್ಯೇಕ ಸೈಕಲ್ ದಾರಿ ಬೇಕೆಂದು ಪಾಲಿಕೆಗೆ ಮನವಿ ಕೊಡುವವರಿದ್ದೇವೆ. ‘ರೊಕ್ಕ ಎಲ್ಲಿಂದ ತರೋಣ?’ ಅನ್ನುತ್ತಾರೆಂದು ಗೊತ್ತು. ಹಾಗಾಗಿ ಸವಾರರಿಂದಲೇ ಒಂದು ಸಲಕ್ಕೆ 2 ರೂಪಾಯಿ ತೆಗೆದುಕೊಳ್ಳಿ ಎಂದು ನಾವೇ ಬರೆದುಕೊಡಬಹುದೇ?

ಉತ್ತರ: ಆ ಸಾಲನ್ನು ಮನವಿಯಿಂದ ತೆಗೆದುಬಿಡಿ. ಕಾರಣ ಲೆಕ್ಕದಲ್ಲೇ ಇದೆ. ದಿನಕ್ಕೆ 800 ಜನ ಹೋಗಿ ಬರುತ್ತಾರೆಂದು ಹಿಡಿಯಿರಿ, ಉದಾರವಾಗಿಯೇ. ದಿನದ ವಸೂಲಿ 3,200 ರೂಪಾಯಿ, 26 ಕೆಲಸದ ದಿನಕ್ಕೆ 83,200. ಎರಡು ತುದಿಯ ಗೇಟಿಗೆ ಎರಡೆರಡು ಪಾಳಿ ಎಂದರೆ ಟಿಕೆಟ್ ಕೊಡುವವರು ನಾಲ್ವರು, ರಜೆಗೆ ಬದಲಿ ಒಬ್ಬರು. ತಲಾ 16,000 ಸಂಬಳ ಹಿಡಿದರೂ 80,000 ಅಲ್ಲಿಗೇ ಹೋಯಿತು. ಉಳಿದ 3,200ರಲ್ಲಿ ಟಿಕೆಟ್ ಅಚ್ಚು ಹಾಕಿಸಬೇಕು, ಗೇಟಿನ ಕರೆಂಟ್ ಬಿಲ್ ಕಟ್ಟಬೇಕು. ದಾರಿ ಗುಡಿಸಲು ಏನೂ ಉಳಿಯದು.

ಕ್ಯೂಆರ್ ಕೋಡ್ ಅಂಟಿಸಿದರೆ ಸಂಬಳ ಉಳಿಯುತ್ತದಲ್ಲ ಎನ್ನಬಹುದು. ಆದರೆ ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ, ನೋಂದಣಿಯೂ ಇಲ್ಲ. ಕೊಡದೆ ಹೋದವರನ್ನು ಕ್ಯಾಮೆರಾ ಹಿಡಿದೀತು, ದಂಡದ ನೋಟಿಸ್ ಯಾರ ಹೆಸರಿಗೆ ಕಳಿಸುವುದು? ಅಡ್ಡರಸ್ತೆ ಬಂದಲ್ಲೆಲ್ಲ ದಾರಿ ತೆರೆದೇ ಇರಬೇಕಾದ್ದರಿಂದ ಗೇಟು ತಪ್ಪಿಸುವುದೂ ಸುಲಭ. ಇನ್ನೂ ಕೆಟ್ಟದ್ದೆಂದರೆ, ಪಕ್ಕದಲ್ಲೇ ಮುಖ್ಯರಸ್ತೆ ಪುಕ್ಕಟೆ. 2 ರೂಪಾಯಿ ಉಳಿಸಲು ಸವಾರರು ಲಾರಿಗಳ ನಡುವೆಯೇ ಹೊರಟರೆ ದಾರಿ ಮಾಡಿದ್ದೇ ವ್ಯರ್ಥ. ಅರ್ಧ ಜನ ಹಾಗೆ ಹೋದರೆ ವಸೂಲಿ 41,600ಕ್ಕೆ ಇಳಿಯುತ್ತದೆ, ಸಂಬಳದ ಬಾಬತ್ತು ಮಾತ್ರ ಅಷ್ಟೇ ಇರುತ್ತದೆ.

ಈ ಪ್ರಯೋಗ ಹಳೆಯದು. ಅಮೆರಿಕದ ಪ್ಯಾಸಡೀನಾದಲ್ಲಿ 1900ರಲ್ಲೇ ನೆಲದಿಂದ ಎತ್ತರದಲ್ಲಿ ಮರದಿಂದ ಕಟ್ಟಿದ ಸೈಕಲ್ ದಾರಿಗೆ ಸುಂಕ ಇಟ್ಟಿದ್ದರು: ಹೋಗಲು 10 ಸೆಂಟ್, ಹೋಗಿ ಬರಲು 15. ಲಾಸ್ ಏಂಜಲೀಸ್ ತನಕ ಸುಮಾರು 14 ಕಿ.ಮೀ. ಎಂದು ಯೋಜಿಸಿದ್ದು 2 ಕಿ.ಮೀ. ಆಸುಪಾಸಿಗೇ ನಿಂತಿತು. ಅದೇ ದೇಶದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಳೆಯ ರೈಲು ಹಾದಿಯ ಮೇಲಿನ ಕೆಲವು ಸೈಕಲ್ ದಾರಿಗಳಿಗೆ 16 ತುಂಬಿದವರು ಪಾಸ್ ಕೊಳ್ಳಬೇಕು. ಅಲ್ಲಿಗೆ ಹೆಚ್ಚಾಗಿ ರಜೆಯಲ್ಲಿ ಸುತ್ತಾಡಲು ಬರುವವರೇ ಹೋಗುತ್ತಾರೆ, ಪಕ್ಕದಲ್ಲಿ ಪುಕ್ಕಟೆ ರಸ್ತೆಯ ಪೈಪೋಟಿ ಇಲ್ಲ. ಕೆಲಸಕ್ಕೆ ಹೊರಟವರಿಗೂ ವಿಹಾರಕ್ಕೆ ಬಂದವರಿಗೂ ಒಂದೇ ಅಳತೆ ಹಿಡಿಯಬಾರದು.

ನ್ಯಾಯದ ಮಾತೂ ಇದೆ. 2008ರ ನಿಯಮದಂತೆ ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಸಾಮಾನ್ಯವಾಗಿ ಬೈಕಿಗೆ ಶುಲ್ಕವಿಲ್ಲ. ಬೈಕ್ ಬಿಟ್ಟು ಸೈಕಲ್ ಹಿಡಿದವರಿಗೆ ಟಿಕೆಟ್ ಎಂದರೆ ಯಾರು ಒಪ್ಪುತ್ತಾರೆ? 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಹಂಚಿದ ಸರ್ಕಾರದ ರಾಜ್ಯದಲ್ಲಿ ಸೈಕಲ್ ತುಳಿಯಲು ಶುಲ್ಕ ಎಂದರೆ ಕೇಳಲಿಕ್ಕೂ ಚಂದವಿಲ್ಲ.

ಪ್ರಶ್ನೆ: ಹಾಗಾದರೆ ಹಣದ ಬಗ್ಗೆ ಏನು ಬರೆಯಬೇಕು?

ಉತ್ತರ: ಕಟ್ಟುವ ಹಣ, ನಿರ್ವಹಣೆಯ ಹಣ ಎಂದು ಎರಡು ಭಾಗ ಮಾಡಿ. ಕಟ್ಟಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೂ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವನ್ನೂ ಕೇಳಿ. ನಿರ್ವಹಣೆಗೆ ನಗರದ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಲಿನ ಕಾರು, ಬೈಕ್ ಪಾರ್ಕಿಂಗ್ ಶುಲ್ಕದಲ್ಲಿ ಒಂದು ಪಾಲು ಕೇಳಿ. ಅಲ್ಲಿ ವಾಹನ ನಿಂತಿರುತ್ತದೆ, ನಂಬರ್ ಪ್ಲೇಟ್ ಇರುತ್ತದೆ, ವಸೂಲಿ ತಪ್ಪುವುದಿಲ್ಲ.

ಸೈಕಲ್ ಸವಾರರಿಂದ ಏನಾದರೂ ಪಡೆಯಲೇಬೇಕೆಂದರೆ ದಾರಿಗಲ್ಲ, ಸ್ಟ್ಯಾಂಡಿಗೆ ಪಡೆಯಿರಿ. ರೈಲು ನಿಲ್ದಾಣದಲ್ಲೂ ಬಸ್ ಸ್ಟ್ಯಾಂಡಿನಲ್ಲೂ ತಗಡಿನ ಸೂರು, ಚಕ್ರ ಮತ್ತು ಚೌಕಟ್ಟು ಎರಡನ್ನೂ ಸೇರಿಸಿ ಬೀಗ ಹಾಕಲು ಕಬ್ಬಿಣದ ಕಮಾನು, ಗಾಳಿ ಪಂಪು, ಒಬ್ಬ ಕಾವಲುಗಾರ ಇದ್ದರೆ ತಿಂಗಳ ಪಾಸಿಗೆ ಜನ ಗೊಣಗದೆ ಕೊಡುತ್ತಾರೆ. ಕೊಟ್ಟದ್ದಕ್ಕೆ ಏನು ಸಿಕ್ಕಿತೆಂದು ಕಣ್ಣಿಗೆ ಕಾಣುತ್ತದಲ್ಲ. ಕಾನೂನಿನಲ್ಲೂ ಇದಕ್ಕೆ ಆಧಾರವಿದೆ: ತೆರಿಗೆ ಬೇರೆ, ಸೇವೆಗೆ ಪಡೆಯುವ ಶುಲ್ಕ ಬೇರೆ ಎಂದು ಸುಪ್ರೀಂ ಕೋರ್ಟ್ 1954ರ ಶಿರೂರು ಮಠದ ಪ್ರಕರಣದಲ್ಲಿ ವಿಂಗಡಿಸಿತು, ಶುಲ್ಕವನ್ನು ಆ ಸೇವೆಗೇ ಮೀಸಲಿಡಬೇಕೆಂದಿತು. ಆದ್ದರಿಂದ ‘ಈ ಹಣ ಪ್ರತ್ಯೇಕ ಖಾತೆಗೆ’ ಎಂಬ ಮಾತು ಪಾಲಿಕೆಯ ನಿರ್ಣಯದಲ್ಲೇ ಸೇರಬೇಕು. ಸಾಮಾನ್ಯ ನಿಧಿಗೆ ಬಿದ್ದರೆ ಅದು ಚರಂಡಿಗೋ ಬೀದಿದೀಪಕ್ಕೋ ಹೋಗುತ್ತದೆ, ಮರಳಿ ಬರುವುದಿಲ್ಲ.

ಪ್ರಶ್ನೆ: ನಿರ್ವಹಣೆ ಖರ್ಚು ಕಡಿಮೆ ಬರುವಂತೆ ಕಟ್ಟುವುದು ಹೇಗೆ?

ಉತ್ತರ: ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಒಂದೆರಡು ಮಳೆಗಾಲಕ್ಕೆ ಅಂಚು ಎದ್ದು ನಿಲ್ಲುತ್ತದೆ. ಕನಿಷ್ಠ ಅರ್ಧ ಮೀಟರ್ ಎರೆಮಣ್ಣು ತೆಗೆದು ಮುರುಮ್ (ಗರಸು ಮಣ್ಣು) ತುಂಬಿ, ನೀರು ಹಾಕಿ ರೋಲರ್ ಹೊಡೆದು, ಬದಿಗೆ ಚರಂಡಿ ಕೊಡಬೇಕು. ಎರಡೂ ದಿಕ್ಕಿನ ಓಡಾಟಕ್ಕೆ 3 ಮೀಟರ್ ಅಗಲ ಬೇಕು. ಅಗ್ಗಕ್ಕೆ ಸಿಗುತ್ತದೆಂದು ಶಹಾಬಾದ್ ಫರಸಿ ಹಾಸಬೇಡಿ, ತೊಯ್ದರೆ ಚಕ್ರ ಜಾರುತ್ತದೆ. ನೆರಳಿಗೆ ಬೇವು ನೆಡಿ. ಮೇ ತಿಂಗಳ ಬಿಸಿಲಲ್ಲಿ ನೆರಳಿಲ್ಲದ ದಾರಿಯಲ್ಲಿ ಯಾರೂ ತುಳಿಯುವುದಿಲ್ಲ. ಅಂಚಿನ ಬಳ್ಳಾರಿ ಜಾಲಿಯನ್ನು ಕಡಿದರೆ ಸಾಲದು, ಬೇರು ಸಮೇತ ಕೀಳಿಸಬೇಕು. ಕಡಿದ ಬುಡ ಮತ್ತೆ ಚಿಗುರುತ್ತದೆ. ಕಡಿದ ಮುಳ್ಳುಗಂಟಿಯನ್ನು ಅದೇ ದಿನ ಸಾಗಿಸುವ ಷರತ್ತನ್ನೂ ಟೆಂಡರಿನಲ್ಲಿ ಬರೆಸಿ, ಇಲ್ಲದಿದ್ದರೆ ಮೊದಲ ವಾರವೇ ಪಂಕ್ಚರ್ ಅಂಗಡಿಗೆ ಸಾಲು ಹತ್ತುತ್ತದೆ.