ಜ್ವರದಲ್ಲಿ ಎದ್ದು ನಿಂತು ಎಚ್ಚರ ತಪ್ಪಿದರೆ ಜ್ವರ ತಲೆಗೇರಿದೆ ಅಂತಲಾ?

ಜ್ವರ ಇದ್ದಾಗ ರಾತ್ರಿ ಎದ್ದು ಹೋಗಿ ಎಚ್ಚರ ತಪ್ಪಿ ಬಿದ್ದಿರಿ, ಮನೆಯವರು 'ಜ್ವರ ತಲೆಗೇರಿದೆ' ಅಂತ ಹೆದರಿದ್ದಾರೆ, ನಿಜಾನಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಆದರೆ ಹೀಗೇ ಬಿದ್ದವನು.

ಅವತ್ತು 103 ಡಿಗ್ರಿ ಇದ್ದ ಜ್ವರ ಮಾತ್ರೆ ನುಂಗಿದ ಮೇಲೆ ಇಳಿಯುತ್ತಿತ್ತು. ಬನಿಯನ್ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಸದ್ಯ, ಬಿಟ್ಟಿತಲ್ಲ ಅಂದುಕೊಂಡು ದಡಕ್ಕನೆ ಎದ್ದು ಬಚ್ಚಲಿಗೆ ಹೋದೆ. ಕಿವಿಯಲ್ಲಿ ಗುಂಯ್ ಅಂದಿತು, ಕಣ್ಣಿಗೆ ಕತ್ತಲೆ ಕವಿಯಿತು. ಆಮೇಲೆ ಗೊತ್ತಾಗಿದ್ದು ಕೆನ್ನೆಗೆ ತಗುಲಿದ ತಣ್ಣನೆ ನೆಲ. ಕೈತಪ್ಪಿದ ಮಗ್ಗು ಇನ್ನೂ ಉರುಳುತ್ತಲೇ ಇತ್ತು! ಅಷ್ಟೇ ಹೊತ್ತು.

ಡಾಕ್ಟರು ಹೇಳಿದ್ದು ಇಷ್ಟು. ಜ್ವರ ಇಳಿಯುವಾಗ ಬಿಸಿ ಹೊರಹೋಗಲಿ ಅಂತ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತದೆ. ಬಾಯಿ ಕೆಟ್ಟಿದೆ ಅಂತ ನಾವು ಸರಿಯಾಗಿ ಏನೂ ಕುಡಿದಿರುವುದಿಲ್ಲ. ಯಾರೇ ಎದ್ದು ನಿಂತರೂ ಸುಮಾರು ಅರ್ಧ ಲೀಟರ್ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಬೇರೆ ದಿನ ದೇಹ ತಕ್ಷಣ ನಾಳಗಳನ್ನು ಬಿಗಿದು ಸಂಭಾಳಿಸುತ್ತದೆ. ಅವತ್ತು ಆಗಲಿಲ್ಲ. ಬಿಪಿ ಕುಸಿಯಿತು, ಮೆದುಳಿಗೆ ರಕ್ತ ಸಾಲಲಿಲ್ಲ. ತಲೆಗೇರಿದ್ದೇನೂ ಇಲ್ಲ, ಇಳಿದಿದ್ದೇ ಜಾಸ್ತಿ.

ನೆಲಕ್ಕೆ ಬಿದ್ದಾಗ ತಲೆಯೂ ಎದೆಯೂ ಒಂದೇ ಮಟ್ಟಕ್ಕೆ ಬರುತ್ತವೆ, ಅದಕ್ಕೇ ಬೇಗ ಎಚ್ಚರವಾಗುತ್ತದೆ. ನಮ್ಮ ಮನೆಯವರು ಗಾಬರಿಯಲ್ಲಿ ನನ್ನನ್ನು ಎತ್ತಿ ಕೂರಿಸಿದರು. ಮತ್ತೆ ಕಣ್ಣು ಕತ್ತಲೆ ಬಂತು, ಪಾಪ, ಅವರಿಗೇನು ಗೊತ್ತು? ಮಲಗಿಸಿ ಕಾಲಡಿ ಎರಡು ದಿಂಬು ಇಡಬೇಕಿತ್ತು. ಪೂರ್ತಿ ಎಚ್ಚರ ಬರುವವರೆಗೆ ಬಾಯಿಗೆ ನೀರು ಹಾಕಲೇಬಾರದು.

ಆದರೆ ಎಲ್ಲವೂ ಇಷ್ಟು ಸುಲಭವಲ್ಲ. ಮಲಗಿದ್ದಲ್ಲೇ ಎಚ್ಚರ ತಪ್ಪಿದರೆ, ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ಎಚ್ಚರವಾದ ಮೇಲೂ ಮಾತು ತಡಬಡಾಯಿಸಿದರೆ, ಫಿಟ್ಸ್ ಬಂದರೆ, ಕುತ್ತಿಗೆ ಬಗ್ಗದಿದ್ದರೆ, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹಾಗಾಗಿ ಒಂದೇ ಸಲ ಬಿದ್ದಿದ್ದರೂ ನಾಳೆ ತೋರಿಸಿಬಿಡಿ, ತಲೆಗೆ ಪೆಟ್ಟಾಗಿದ್ದರೆ ಈಗಲೇ.

ನಾನೀಗ ಜ್ವರ ಬಂದರೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಸುಮ್ನೆ ಕೂರುತ್ತೇನೆ. ಪಕ್ಕದಲ್ಲಿ ಓಆರ್‌ಎಸ್ ಲೋಟ ಇರುತ್ತದೆ. ಬಚ್ಚಲ ಚಿಲಕ ಹಾಕುವುದಿಲ್ಲ.