ಕಾರ್ ಲೋನಿಗೆ ಕೋ-ಸೈನ್ ಕೇಳಿದ ಅರಸೀಕೆರೆ ತಮ್ಮನಿಗೆ

ತಮ್ಮಾ, ಅಣ್ಣ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ನ್ಯೂಜೆರ್ಸಿಗೆ ಬಂದು ಮೂರು ವಾರ ಆಯಿತು ಅಂದೆ. ಕ್ರೆಡಿಟ್ ಸ್ಕೋರೇ ಇಲ್ಲ, ಕಾರ್ಡ್ ಹೇಗೆ ತೆಗೆದುಕೊಳ್ಳಲಿ? ಊರಿಗೆ ದುಡ್ಡು ಕಳಿಸುವುದಕ್ಕೆ ಹೊಸ ತೆರಿಗೆ ಬಂದಿದೆಯಂತೆ, ನಿಜವಾ? ಗ್ರಾಹಕರ ಪರವಾಗಿದ್ದ ಕಾನೂನನ್ನೆಲ್ಲ ತೆಗೆದುಹಾಕುತ್ತಿದ್ದಾರಂತೆ, ಮೋಸ ಆದರೆ ಯಾರನ್ನು ಕೇಳಲಿ? ಕೊನೆಗೆ ಇದು: ಕಾರ್ ಲೋನಿಗೆ ಕೋ-ಸೈನರ್ ಬೇಕಂತೆ, ಅಂದರೆ ಜಾಮೀನಿಗೆ ಜೊತೆಗೆ ಸಹಿ ಹಾಕುವವರು, ನಮ್ಮ ಕಡೆಯವರೇ ಒಬ್ಬರು ಪರಿಚಯ ಆಗಿದ್ದಾರೆ, ಸುಮ್ನೆ ಒಂದು ಸಹಿ ತಾನೇ, ಕೇಳಲಾ?

ಮೊದಲ ಮೂರಕ್ಕೆ ಬೇಗ ಹೇಳಿಬಿಡುತ್ತೇನೆ. ಕೊನೆಯದು ನನಗೆ ಸುಲಭದ ಪ್ರಶ್ನೆ ಅಲ್ಲ.

ನಾನು ಎಡಿಸನ್‌ಗೆ ಬಂದಿಳಿದದ್ದು 2006ರ ಜನವರಿಯಲ್ಲಿ. ತಿಪಟೂರಿನಲ್ಲಿ ಅಪ್ಪನ ಹೆಸರು ಹೇಳಿದರೆ ಯಾವ ಅಂಗಡಿಯಲ್ಲಾದರೂ ಸಾಮಾನು ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇಲ್ಲಿ ಒಂದು ಫೋನ್ ಕನೆಕ್ಷನ್‌ಗೆ ಡಿಪಾಸಿಟ್ ಇಡಿ ಅಂದಾಗ ಮುಖಕ್ಕೆ ಹೊಡೆದ ಹಾಗಾಯಿತು. ನಿನಗೂ ಈಗ ಹಾಗೇ ಅನಿಸುತ್ತಿರಬಹುದು. ಅವಮಾನ ಅಂತ ತಿಳಿಯಬೇಡ. ನಿನ್ನ ಬಗ್ಗೆ ಅವರ ಹತ್ತಿರ ಒಂದು ಸಾಲೂ ಬರೆದಿಲ್ಲ, ಅಷ್ಟೇ. ಡಿಪಾಸಿಟ್ ಇಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆದುಕೋ. ತಿಂಗಳಿಗೆ ಪೆಟ್ರೋಲು, ತರಕಾರಿ ಅದರಲ್ಲಿ ಮಾಡು, ಪೂರ್ತಿ ಬಿಲ್ ಕಟ್ಟು. ಸ್ಕೋರ್ ಹುಟ್ಟಲು ಸುಮಾರು ಆರು ತಿಂಗಳು ಬೇಕು. ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅಂತ ಜನರ ಸಾಲದ ಲೆಕ್ಕ ಇಡುವ ಮೂರು ಕಂಪನಿಗಳ ರಿಪೋರ್ಟನ್ನೂ ವಾರಕ್ಕೊಮ್ಮೆ ಪುಕ್ಕಟೆ ನೋಡಬಹುದು, ಬೇರೆಯವರು ನಿನ್ನ ಹೆಸರಿನಲ್ಲಿ ಸಾಲ ಎತ್ತದ ಹಾಗೆ ಅದನ್ನು ಫ್ರೀಜ್ ಮಾಡುವುದಕ್ಕೂ 2018ರಿಂದ ಕಾಸು ಕೇಳುವ ಹಾಗಿಲ್ಲ.

ತೆರಿಗೆ ನಿಜ. 2026ರ ಜನವರಿ 1ರಿಂದ ಶೇಕಡಾ 1. ಆದರೆ ನಗದು, ಮನಿ ಆರ್ಡರ್, ಕ್ಯಾಶಿಯರ್ಸ್ ಚೆಕ್ ಕೊಟ್ಟು ಕಳಿಸಿದರೆ ಮಾತ್ರ. ಇಲ್ಲಿನ ಬ್ಯಾಂಕ್ ಖಾತೆಯಿಂದಲೋ ಇಲ್ಲಿನ ಕಾರ್ಡಿನಿಂದಲೋ ಕಳಿಸಿದರೆ ಇಲ್ಲ. ಅಮ್ಮನಿಗೆ ಹೇಳು, ಗಾಬರಿ ಬೇಡ. ಇನ್ನೊಂದು, ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಟ್ಯಾಕ್ಸ್ ಲೆಕ್ಕದಲ್ಲಿ ನೀನು ಇಲ್ಲಿನ ನಿವಾಸಿ ಆದ ಮೇಲೆ, ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್, ಅಂದರೆ ಹೊರದೇಶದ ಖಾತೆಗಳ ವಿವರ, ಇಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು. ಅಪ್ಪನ ಜೊತೆ ಜಂಟಿಯಾಗಿರುವ ಖಾತೆಯೂ ಲೆಕ್ಕಕ್ಕೆ ಬರುತ್ತದೆ.

ಕಾನೂನಿನ ವಿಷಯ. 2008ರ ಕುಸಿತ ಆದಮೇಲೆ ಇಲ್ಲಿ ಒಂದೊಂದಾಗಿ ಬಿಗಿ ಆಯಿತು. 2009ರಲ್ಲಿ ಕ್ರೆಡಿಟ್ ಕಾರ್ಡ್ ಕಾನೂನು ಬಂತು, ಬಡ್ಡಿ ಏರಿಸುವುದಕ್ಕೆ 45 ದಿನ ಮೊದಲೇ ತಿಳಿಸಬೇಕು ಅಂತ ಆಯಿತು. 2011ರಲ್ಲಿ ಸಿಎಫ್‌ಪಿಬಿ ಅನ್ನುವ ಸರ್ಕಾರಿ ಸಂಸ್ಥೆ ಬಾಗಿಲು ತೆರೆಯಿತು. ಬ್ಯಾಂಕಿನ ಮೇಲೆ ಸಾಮಾನ್ಯ ಮನುಷ್ಯ ದೂರು ಕೊಟ್ಟರೆ ಉತ್ತರ ಬರುವ ಜಾಗ ಅದು. 2025ರಿಂದ ಅದರ ಕೈಕಾಲು ಕಟ್ಟಿದ್ದಾರೆ. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಖರ್ಚಾದರೆ ದೊಡ್ಡ ಬ್ಯಾಂಕುಗಳು ಹಾಕುವ ಓವರ್‌ಡ್ರಾಫ್ಟ್ ಶುಲ್ಕವನ್ನು 5 ಡಾಲರಿಗೆ ಇಳಿಸುವ ನಿಯಮವನ್ನು ಇಲ್ಲಿನ ಸಂಸತ್ತು ಕಾಂಗ್ರೆಸ್ಸೇ ರದ್ದು ಮಾಡಿತು. ಕಾರ್ಡಿನ ತಡ ಪಾವತಿಗೆ 8 ಡಾಲರ್ ಶುಲ್ಕ ಮಾತ್ರ ಅನ್ನುವ ನಿಯಮ ಕೋರ್ಟಿನಲ್ಲಿ ಬಿದ್ದುಹೋಯಿತು. ಕಾರ್ ಡೀಲರ್ ನಿಜವಾದ ಬೆಲೆ ಮೊದಲೇ ಹೇಳಬೇಕು, ಕೇಳದೆ ಏನನ್ನೂ ಬಿಲ್ಲಿಗೆ ಸೇರಿಸಬಾರದು ಅಂತ ಮಾಡಿದ್ದ ನಿಯಮವೂ 2025ರ ಜನವರಿಯಲ್ಲೇ ಕೋರ್ಟಿನಲ್ಲಿ ಹೋಯಿತು. ಈಗ ರಾಜ್ಯಗಳು ತಮ್ಮ ಪಾಡಿಗೆ ಮಾಡಿಕೊಳ್ಳುತ್ತಿವೆ. ಕ್ಯಾಲಿಫೋರ್ನಿಯಾ ಹಳೇ ಕಾರನ್ನು ಮೂರು ದಿನದೊಳಗೆ ವಾಪಸ್ ಕೊಡುವ ಹಕ್ಕನ್ನು ಕಾನೂನು ಮಾಡಿತು, 2026ರ ಅಕ್ಟೋಬರ್‌ನಿಂದ ಅಂತ. ಆ ಹಕ್ಕು ದೇಶಕ್ಕೆಲ್ಲ ಇದೆ ಅಂತ ನಮ್ಮ ಹುಡುಗರು ನಂಬಿರುತ್ತಾರೆ. ಇಲ್ಲ. ಡೀಲರ್ ಹತ್ತಿರ ಸಹಿ ಹಾಕಿದೆ ಅಂದರೆ ಕಾರು ನಿನ್ನದು ಅಂದುಕೋ. ಮೋಸ ಆದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ದೂರು ಕೊಡು.

ಈಗ ಸಹಿಯ ವಿಷಯಕ್ಕೆ ಬರುತ್ತೇನೆ.

ನಿಮ್ಮ ಮನೆಯಲ್ಲೂ ಆಗಿರುತ್ತದೆ. ಯಾರೋ ಬಂದು, ಸೊಸೈಟಿಯಲ್ಲಿ ಸಾಲ ತೆಗೆದುಕೊಳ್ಳುತ್ತಿದ್ದೇನೆ, ಜಾಮೀನಿಗೆ ಒಂದು ಸಹಿ ಹಾಕಿ ಅಂತಾರೆ. ಅಪ್ಪ ಕಾಫಿ ಕುಡಿಸಿ ಸಹಿ ಹಾಕಿ ಕಳಿಸುತ್ತಾರೆ. ಇಲ್ಲ ಅಂದರೆ ನಾಳೆ ಮುಖ ನೋಡುವುದು ಹೇಗೆ, ಅಲ್ವಾ? ಅಲ್ಲಿಯೂ ಜಾಮೀನುದಾರ ಸಾಲಗಾರನಷ್ಟೇ ಹೊಣೆ, ನಮ್ಮ ದೇಶದ 1872ರ ಕರಾರು ಕಾನೂನೇ ಹಾಗೆ ಹೇಳುತ್ತದೆ. ಆದರೆ ಜಾಮೀನು ಅಂದರೆ ಸಾಕ್ಷಿ ಅಂತಲೇ ನಾವು ಬೆಳೆದದ್ದು. ನಾನೂ ಹಾಗೇ ಸಹಿ ಹಾಕಿದೆ.

2017ರಲ್ಲಿ. ಹುಡುಗ ನಮ್ಮ ಕಡೆಯವನೇ, ಒಳ್ಳೆಯವನು, ಭಾನುವಾರ ನಮ್ಮ ಮನೆಗೆ ಬಂದರೆ ಮುದ್ದೆ ತೊಳಸಿ ಕೊಡುತ್ತಿದ್ದ. ಡೀಲರ್ ಮೇಜಿನ ಮೇಲೆ ಹತ್ತು ಹದಿನೈದು ಹಾಳೆ ಇಟ್ಟರು. ಒಂದು ಹಾಳೆ ಬೇರೆಯೇ ಇತ್ತು. ಕೋ-ಸೈನರ್‌ಗೆ ಸೂಚನೆ ಅಂತ ತಲೆಬರಹ. ಫೆಡರಲ್ ಟ್ರೇಡ್ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆಯ ನಿಯಮದಂತೆ 1985ರಿಂದಲೂ ಕೊಡುತ್ತಿರುವ ಹಾಳೆ ಅದು. ಈ ಸಾಲಕ್ಕೆ ನೀವು ಖಾತರಿ ಕೊಡುತ್ತಿದ್ದೀರಿ, ಚೆನ್ನಾಗಿ ಯೋಚಿಸಿ, ಅವರು ಕಟ್ಟದಿದ್ದರೆ ನೀವು ಕಟ್ಟಬೇಕು, ಅವರನ್ನು ಕೇಳದೆಯೇ ನೇರವಾಗಿ ನಿಮ್ಮಿಂದ ವಸೂಲಿ ಮಾಡಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ನನಗೆ ಇಂಗ್ಲಿಷ್ ಬರುತ್ತದೆ. ಓದಿದರೆ ಅವನ ಮೇಲೆ ನಂಬಿಕೆ ಇಲ್ಲ ಅಂದಹಾಗೆ ಆಗುತ್ತದೆ ಅಂತ, ಅವನು ಎದುರಿಗೆ ಕೂತಿದ್ದಾನಲ್ಲ ಅಂತ, ಓದದೆ ಸಹಿ ಹಾಕಿದೆ.

ಮುಂದಿನ ವರ್ಷ ಅವನ ಕೆಲಸ ಹೋಯಿತು. ಎಚ್-1ಬಿ ಕೆಲಸದ ವೀಸಾ ಇದ್ದವರಿಗೆ ಇನ್ನೊಂದು ಕೆಲಸ ಹುಡುಕಲು 60 ದಿನದ ಕಾಲಾವಕಾಶ. ಸಿಗಲಿಲ್ಲ. ಕಾರನ್ನು ಫೈನಾನ್ಸ್ ಕಂಪನಿಗೇ ಒಪ್ಪಿಸಿ, ಅಣ್ಣಾ ಎಲ್ಲಾ ಮುಗಿಯಿತು ಅಂತ ಹೇಳಿ ವಿಮಾನ ಹತ್ತಿದ. ಅವನೂ ಹಾಗೇ ನಂಬಿದ್ದ. ನಾನೂ ನಂಬಿದೆ.

ಅಷ್ಟರಲ್ಲಿ ನಾವು ಪಿಸ್ಕಾಟವೇಗೆ ಮನೆ ಬದಲಾಯಿಸಿದ್ದೆವು. ಹಳೇ ವಿಳಾಸದ ಮೇಲೆ ಅಂಚೆಯವರು ಹೊಸ ವಿಳಾಸದ ಹಳದಿ ಚೀಟಿ ಅಂಟಿಸಿದ ಒಂದು ಲಕೋಟೆ ಬಂತು. ಇನ್ಶೂರೆನ್ಸ್ ಜಾಹೀರಾತು ಅಂದುಕೊಂಡು ಅಂಗಡಿ ಕೂಪನ್‌ಗಳ ಜೊತೆ ಫ್ರಿಜ್ ಮೇಲೆ ಇಟ್ಟೆ. ಒಡೆದು ನೋಡಿದ್ದು ಎರಡು ತಿಂಗಳ ಮೇಲೆ, ವಸೂಲಿ ಏಜೆನ್ಸಿಯಿಂದ ಫೋನ್ ಬಂದ ದಿನ. ಇಂಥ ದಿನದ ನಂತರ ಕಾರು ಮಾರುತ್ತೇವೆ, ಅಷ್ಟರೊಳಗೆ ಬಾಕಿ ಕಟ್ಟಿದರೆ ಬಿಡಿಸಿಕೊಳ್ಳಬಹುದು ಅಂತ ಅದರಲ್ಲಿತ್ತು. ಆ ದಿನ ಕಳೆದುಹೋಗಿತ್ತು. ಬಾಕಿ 11,800 ಡಾಲರ್. ಹರಾಜಿನಲ್ಲಿ ಬಂದದ್ದು 6,200. ಖರ್ಚೆಲ್ಲ ಸೇರಿಸಿ ನನ್ನ ತಲೆಗೆ 6,150. ಅಂಥದ್ದೇ ಕಾರು ಹೊರಗೆ ಒಂಬತ್ತು ಸಾವಿರದ ಮೇಲೆ ಹೋಗುತ್ತಿತ್ತು. ಪತ್ರ ಸಮಯಕ್ಕೆ ಒಡೆದಿದ್ದರೆ ಬಿಡಿಸಿಕೊಂಡು ನಾನೇ ಮಾರಿ, ಕಡಿಮೆಯಲ್ಲಿ ಮುಗಿಸಬಹುದಿತ್ತು.

ದಿನಕ್ಕೆ ಮೂರು ನಾಲ್ಕು ಫೋನ್ ಬರುತ್ತಿತ್ತು. ಆಫೀಸಿನಲ್ಲಿ ಮೀಟಿಂಗ್ ನಡುವೆ ಫೋನ್ ಅಲುಗಾಡಿದರೆ ಹೊಟ್ಟೆ ತೊಳಸುತ್ತಿತ್ತು. ಈಗ ಆ ಹಿಂಸೆ ಕಡಿಮೆ. 2021ರ ನವೆಂಬರ್ 30ರಿಂದ ಒಂದು ಸಾಲಕ್ಕೆ ಏಳು ದಿನದಲ್ಲಿ ಏಳು ಸಲಕ್ಕಿಂತ ಜಾಸ್ತಿ ಫೋನ್ ಮಾಡಿದರೆ ಕಿರುಕುಳ ಅಂತಲೇ ಲೆಕ್ಕ. ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಮಾಡಬಾರದು ಅನ್ನುವುದು 1977ರ ಕಾನೂನಿನಿಂದಲೇ ಇದೆ. ನೋಟಿಸ್ ಬಂದ 30 ದಿನದೊಳಗೆ, ಈ ಸಾಲಕ್ಕೆ ಪುರಾವೆ ಕೊಡಿ ಅಂತ ಬರೆದು ಕೇಳಿದರೆ, ಕೊಡುವ ತನಕ ವಸೂಲಿ ನಿಲ್ಲಿಸಬೇಕು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಮರ್ಯಾದೆಗೆ ಅಂಜಿ ಪೂರ್ತಿ ಕಟ್ಟಿಬಿಟ್ಟೆ. ರಿಪೋರ್ಟಿನಲ್ಲಿ ಏಳು ವರ್ಷ ಉಳಿಯಿತು, ಮನೆ ಸಾಲಕ್ಕೆ ಬಡ್ಡಿ ಜಾಸ್ತಿ ಬಿತ್ತು. ಅದನ್ನೆಲ್ಲ ತಡೆದುಕೊಂಡೆ.

ತಡೆದುಕೊಳ್ಳಲು ಆಗದಿರುವುದು ಬೇರೆ. ಅದೇ 1977ರ ಕಾನೂನಿನಲ್ಲಿ ಇನ್ನೊಂದು ಮಾತಿದೆ. ವಸೂಲಿಯವರು ಸಾಲದ ವಿಷಯವನ್ನು ಮೂರನೆಯವರಿಗೆ ಹೇಳಬಾರದು. ದೊಡ್ಡವನಾದ ಸಾಲಗಾರನ ಅಪ್ಪ ಅಮ್ಮನಿಗೂ ಹೇಳಬಾರದು. ನನಗೆ ಫೋನ್ ಮಾಡುತ್ತಿದ್ದವರು ಅವನ ಮನೆಗೆ ಹೇಳಲಿಲ್ಲ. ನಾನು ಹೇಳಿದೆ. ಒಂದು ರಾತ್ರಿ ಸಿಟ್ಟಿನಲ್ಲಿ ಅವನ ಅಪ್ಪನಿಗೆ ಫೋನ್ ಹಚ್ಚಿ, ನಿಮ್ಮ ಮಗ ನನ್ನನ್ನು ಬೀದಿಗೆ ತಂದ ಅಂದೆ. ಆ ಕಡೆ ಅವರು ಏನೂ ಅನ್ನಲಿಲ್ಲ. ಆಗಲಿ ಸ್ವಾಮಿ, ಆಗಲಿ ಸ್ವಾಮಿ ಅನ್ನುತ್ತಲೇ ಇದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು.

ನಿಮ್ಮ ಕಡೆಯೂ ತೆಂಗೇ ಅಲ್ವಾ, ನಿನಗೆ ಗೊತ್ತಾಗುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗಬೇಕು, ಆಮೇಲೂ ರೇಟ್ ಬರಲಿ ಅಂತ ಕಾಯುತ್ತಾರೆ. ಅವರು ಕಾಯಲಿಲ್ಲ. ಅಟ್ಟದಲ್ಲಿದ್ದದ್ದನ್ನೆಲ್ಲ ಇಳಿಸಿ ಕೊಬ್ಬರಿ ಮಾರಿ, ಉಳಿದದ್ದಕ್ಕೆ ಎಲ್ಲೋ ಕೈಸಾಲ ಮಾಡಿ, ತಿಪಟೂರಿಗೆ ಬಸ್ಸಿನಲ್ಲಿ ಬಂದು ನನ್ನ ತಮ್ಮನ ಕೈಗೆ ಕೊಟ್ಟು ಹೋದರು. ಟವೆಲ್ಲಿನಲ್ಲಿ ಸುತ್ತಿದ ಕಟ್ಟು. ಊಟ ಮಾಡಿ ಅಂದರೆ ನೀರು ಮಾತ್ರ ಕುಡಿದರಂತೆ. ತಮ್ಮ ಫೋನಿನಲ್ಲಿ ಹೇಳುವಾಗ ನನಗೆ ಮಾತೇ ಹೊರಡಲಿಲ್ಲ. ಆ ದುಡ್ಡು ಹಿಂತಿರುಗಿಸಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನನ್ನ ನಂಬರ್ ಎತ್ತುವುದಿಲ್ಲ, ಅದು ಅವನ ತಪ್ಪಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಆ ಪರಿಚಯದವರನ್ನು ಕೇಳಬೇಡ. ಕೇಳಿದರೆ ಅವರು ಹಾಕುತ್ತಾರೆ, ನಮ್ಮ ಜನ ಇಲ್ಲ ಅನ್ನುವುದಿಲ್ಲ. ಆರೆಂಟು ತಿಂಗಳು ಬಸ್ಸು, ರೈಲು, ಸಹೋದ್ಯೋಗಿಯ ಕಾರು. ಕೈಲಿದ್ದ ದುಡ್ಡಿಗೆ ಬರುವ ಹಳೇ ಕಾರಾದರೂ ಸರಿ, ಮೆಕ್ಯಾನಿಕ್ ಹತ್ತಿರ ತೋರಿಸಿ ತೆಗೆದುಕೋ. ಲೋನೇ ಬೇಕು ಅಂದರೆ ಹತ್ತಿರದ ಕ್ರೆಡಿಟ್ ಯೂನಿಯನ್‌ನಲ್ಲಿ ಖಾತೆ ತೆರೆ. ನಮ್ಮ ಸೊಸೈಟಿ ಇದ್ದಹಾಗೆ, ಸದಸ್ಯರದ್ದೇ. ಫೆಡರಲ್ ಕ್ರೆಡಿಟ್ ಯೂನಿಯನ್ ಆದರೆ ಶೇಕಡಾ 18ಕ್ಕಿಂತ ಜಾಸ್ತಿ ಬಡ್ಡಿ ಹಾಕುವ ಹಾಗಿಲ್ಲ. ಪಾಸ್‌ಪೋರ್ಟ್, ದೇಶದೊಳಗೆ ಬಂದದ್ದರ ದಾಖಲೆಯಾದ ಐ-94, ಆಫರ್ ಲೆಟರ್, ಬಾಡಿಗೆ ಕರಾರು, ಎರಡು ಸಂಬಳದ ಚೀಟಿ ತೆಗೆದುಕೊಂಡು ಹೋಗು. ಮನೆ ಬದಲಾಯಿಸಿದರೆ ಅದೇ ವಾರ ಎಲ್ಲ ಕಡೆ ವಿಳಾಸ ಬದಲಾಯಿಸು, ಬಂದ ಲಕೋಟೆ ಅವತ್ತೇ ಒಡಿ.

ಕಾರು ನೋಡಲು ಹೋಗುವ ದಿನ ಹೇಳು. ಶನಿವಾರ ಆದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಕೊಡುವ ಹಾಳೆಗಳನ್ನೆಲ್ಲ ಇಬ್ಬರೂ ಕೂತು ಓದೋಣ, ಎಷ್ಟು ಹೊತ್ತಾದರೂ ಪರವಾಗಿಲ್ಲ.